ಹವಾನಾದ ಪಿಯಾನೊಗೆ ಶ್ರುತಿ ಕೂಡಿಸಲು ಹೊರಡುವ ಮುನ್ನ

ಕ್ಯೂಬಾದ ಹೆಸರಾಂತ ಪಿಯಾನೊವಾದಕ ರುಬೆನ್ ಗೊನ್ಸಾಲೆಸ್ ಅವರ ಮನೆಯಲ್ಲಿ 1990ರ ದಶಕದಲ್ಲಿ ಪಿಯಾನೊವೇ ಇರಲಿಲ್ಲ. ಇದ್ದ ಒಂದನ್ನು ಗೆದ್ದಲು ತಿಂದು ಮುಗಿಸಿತ್ತು. 1996ರ ಮಾರ್ಚ್‌ನಲ್ಲಿ ಹವಾನಾದ ಎಗ್ರೆಮ್ ಸ್ಟುಡಿಯೊದಲ್ಲಿ ‘ಬ್ಯೂನಾ ವಿಸ್ಟಾ ಸೋಶಿಯಲ್ ಕ್ಲಬ್’ ಧ್ವನಿಮುದ್ರಣಕ್ಕೆ ಕುಳಿತಾಗ ಅವರಿಗೆ ಎಪ್ಪತ್ತು ದಾಟಿತ್ತು. ಆ ಆಲ್ಬಮ್ ಅನ್ನು ನಿರ್ಮಿಸಿದ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರಿಗೆ, ಕ್ಯೂಬಾದ ಮೇಲಿನ ವ್ಯಾಪಾರ ನಿರ್ಬಂಧ ಮುರಿದರೆಂದು ಅವರದೇ ಸರ್ಕಾರ 25,000 ಡಾಲರ್ ದಂಡ ಹಾಕಿತು.

ಪಿಯಾನೊ ಸೇವೆಗೆಂದು ಕ್ಯೂಬಾಕ್ಕೆ ಹೊರಡುವವರು ಎದುರಿಸಬೇಕಾದದ್ದು ಇವೆರಡನ್ನೇ. ಅಲ್ಲಿ ಗೆದ್ದಲು, ಇಲ್ಲಿ ಕಾಗದ. ನೀವು ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಬೆಂಗಳೂರಿನಲ್ಲೋ ಇರುವ ಕನ್ನಡಿಗರು, ಪಿಯಾನೊ ಶ್ರುತಿ ಮಾಡುವ ಕೆಲಸ ಬಲ್ಲವರು, ಎರಡು ವಾರ ರಜೆ ಹಾಕಿ ಅಲ್ಲಿನ ಮಕ್ಕಳ ಸಂಗೀತ ಶಾಲೆಗೆ ನೆರವಾಗಬೇಕೆಂದು ಮನಸ್ಸು ಮಾಡಿದವರು ಎಂದಿಟ್ಟುಕೊಳ್ಳೋಣ. ಟಿಕೆಟ್ ತೆಗೆಯುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ನಿರ್ಬಂಧ ಕಟ್ಟಿಹಾಕುವುದು ಯಾರನ್ನು?

ಅಮೆರಿಕದ ವ್ಯಾಪಾರ ನಿರ್ಬಂಧ 1960ರ ಅಕ್ಟೋಬರ್‌ನಲ್ಲಿ ಐಸೆನ್‌ಹೋವರ್ ಕಾಲದಲ್ಲಿ ಶುರುವಾಯಿತು. 1962ರ ಫೆಬ್ರುವರಿಯಲ್ಲಿ ಕೆನಡಿ ಅದನ್ನು ಪೂರ್ತಿಗೊಳಿಸಿದರು. ಇಂದಿಗೂ ಜಾರಿಯಲ್ಲಿರುವ ನಿಯಮಾವಳಿ 1963ರದ್ದು. ಇತಿಹಾಸ ಇಷ್ಟು ಸಾಕು. ನಿಮಗೆ ಬೇಕಾದದ್ದು ಅದು ಯಾರಿಗೆ ಹೇಗೆ ಅನ್ವಯಿಸುತ್ತದೆ ಎಂಬುದು.

ಈ ಕಾನೂನು ಮುಖ್ಯವಾಗಿ ಹಿಡಿಯುವುದು ಹಣದ ವ್ಯವಹಾರವನ್ನು. ಕ್ಯೂಬಾದಲ್ಲಿ ನೀವು ಕೊಡುವ ಕೋಣೆಯ ಬಾಡಿಗೆ, ಊಟದ ಬಿಲ್ಲು, ಟ್ಯಾಕ್ಸಿ ದುಡ್ಡು ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಮೂರನೆಯ ದೇಶದ ವಿಮಾನ ಹತ್ತಿದ ಮಾತ್ರಕ್ಕೆ ತಪ್ಪಿಸಿಕೊಂಡಂತಲ್ಲ. ಕೂಡರ್ ಕೂಡ ಮೆಕ್ಸಿಕೊ ಮೂಲಕವೇ ಹೋಗಿದ್ದರು. ವಿಮಾನ ಎಲ್ಲಿಂದ ಹಾರಿತು ಎಂಬುದಕ್ಕಿಂತ ನೀವು ಯಾರು ಎಂಬುದು ಮುಖ್ಯ:

* ಅಮೆರಿಕದ ಪ್ರಜೆ, ಗ್ರೀನ್ ಕಾರ್ಡ್ ಹೊಂದಿದವರು: ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನಿಯಮ ಅನ್ವಯ.
* ಎಚ್-1ಬಿ ಮೊದಲಾದ ವೀಸಾದಲ್ಲಿ ಅಮೆರಿಕದಲ್ಲಿ ವಾಸವಿರುವವರು: ಭಾರತದ ಪಾಸ್‌ಪೋರ್ಟ್ ಇದ್ದರೂ ನೀವು ಅಲ್ಲಿನ ನಿವಾಸಿ ಎಂದೇ ಲೆಕ್ಕ. ‘ನಾನು ಭಾರತೀಯ, ನನಗೇನು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.
* ಭಾರತದಲ್ಲಿ ವಾಸವಿರುವವರು: ಭಾರತ ಕ್ಯೂಬಾದ ಮೇಲೆ ಇಂಥ ನಿರ್ಬಂಧ ಹೇರಿಲ್ಲ. ನಿರ್ಬಂಧ ತೆಗೆಯಬೇಕೆಂಬ ವಿಶ್ವಸಂಸ್ಥೆಯ ನಿರ್ಣಯವನ್ನು ಬೆಂಬಲಿಸುತ್ತಲೇ ಬಂದಿದೆ. ಆದರೆ ದಾರಿಯಲ್ಲಿ ಅಮೆರಿಕದ ವಿಮಾನ ನಿಲ್ದಾಣ ಬಾರದಂತೆ ಟಿಕೆಟ್ ಮಾಡಿಸಿ. ಆ ನೆಲದ ಮೇಲೆ ಇರುವಷ್ಟು ಹೊತ್ತು ನೀವೂ ಆ ಕಾನೂನಿನ ಕೆಳಗೆ ಬರುತ್ತೀರಿ.
* ಬ್ರಿಟನ್ ಅಥವಾ ಯುರೋಪಿನ ಪಾಸ್‌ಪೋರ್ಟ್ ಇರುವವರು: ಹೋಗಲು ತೊಡಕಿಲ್ಲ, ಬಂದ ಮೇಲಿದೆ. 2021ರ ಜನವರಿಯಲ್ಲಿ ಅಮೆರಿಕ ಕ್ಯೂಬಾವನ್ನು ಮತ್ತೆ ಭಯೋತ್ಪಾದನೆಗೆ ನೆರವಾಗುವ ದೇಶಗಳ ಪಟ್ಟಿಗೆ ಸೇರಿಸಿತು. ಆ ತಿಂಗಳ 12ರ ನಂತರ ಕ್ಯೂಬಾಕ್ಕೆ ಹೋಗಿ ಬಂದವರಿಗೆ ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗುವ ‘ಎಸ್ಟಾ’ ಸೌಲಭ್ಯ ಸಿಗದು. ನ್ಯೂಜೆರ್ಸಿಯ ತಂಗಿಯ ಮನೆಗೆ ವರ್ಷಕ್ಕೊಮ್ಮೆ ಹೋಗುವವರಾದರೆ ಮುಂದೆ ವೀಸಾ ಅರ್ಜಿ, ಸಂದರ್ಶನ ಎಂದು ಅಲೆಯಬೇಕಾದೀತು.

ಎರಡು ಇಲಾಖೆ, ಎರಡು ಅನುಮತಿ

ಅಮೆರಿಕದಲ್ಲಿರುವವರು ಹೆಚ್ಚಾಗಿ ಎಡವುವುದು ಇಲ್ಲಿ. ನಿಮ್ಮ ಪ್ರಯಾಣ, ಖರ್ಚು ಖಜಾನೆ ಇಲಾಖೆಯ ಒಫ್ಯಾಕ್ ಕಚೇರಿಗೆ ಸೇರಿದ್ದು. ನೀವು ಒಯ್ಯುವ ಸಾಮಾನು ವಾಣಿಜ್ಯ ಇಲಾಖೆಗೆ ಸೇರಿದ್ದು. ಒಂದು ಇಲಾಖೆ ಹೂಂ ಎಂದರೆ ಇನ್ನೊಂದೂ ಹೂಂ ಎಂದಂತಲ್ಲ.

ಬರ್ಕ್ಲಿಯ ಪಿಯಾನೊ ಟ್ಯೂನರ್ ಬೆಂಜಮಿನ್ ಟ್ರೂಹಾಫ್ಟ್ ಅವರ ಕತೆಯೇ ಇದಕ್ಕೆ ಸಾಕ್ಷಿ. ಲೇಖಕಿ ಜೆಸಿಕಾ ಮಿಟ್‌ಫರ್ಡ್ ಅವರ ಮಗನಾದ ಇವರು 1990ರ ದಶಕದಲ್ಲಿ ಕ್ಯೂಬಾದ ಪಿಯಾನೊಗಳ ದುಃಸ್ಥಿತಿ ಕಂಡು, ಹಳೆಯ ಪಿಯಾನೊಗಳನ್ನು ಸಂಗ್ರಹಿಸಿ ಹವಾನಾಕ್ಕೆ ಸಾಗಿಸತೊಡಗಿದರು. ಪಿಯಾನೊ ಕಳಿಸಲು ವಾಣಿಜ್ಯ ಇಲಾಖೆ ಪರವಾನಗಿ ಕೊಟ್ಟಿತು. ಈ ವಾದ್ಯಗಳನ್ನು ಚಿತ್ರಹಿಂಸೆಗೆ ಬಳಸಬಾರದು ಎಂಬ ತಮಾಷೆಯ ಷರತ್ತೂ ಅದರ ಜೊತೆಗಿತ್ತು. ಆದರೆ ಅವುಗಳಿಗೆ ಶ್ರುತಿ ಮಾಡಲೆಂದು ಅವರು ಹೋಗಿ ಬಂದದ್ದಕ್ಕೆ ಖಜಾನೆ ಇಲಾಖೆಯಿಂದ ದಂಡದ ಬೆದರಿಕೆ ಬಂತು. ಪಿಯಾನೊ ಹೋಗಬಹುದು, ಟ್ಯೂನರ್ ಹೋಗುವಂತಿಲ್ಲ!

ಹೊರಡುವ ಮೊದಲು: ಆರು ಹೆಜ್ಜೆ

1. ನಿಮ್ಮ ಕೆಲಸಕ್ಕೆ ಹೊಂದುವ ವರ್ಗ ಯಾವುದು ನೋಡಿ. ಒಫ್ಯಾಕ್ ನಿಯಮದಲ್ಲಿ ಪ್ರಯಾಣಕ್ಕೆ ಒಪ್ಪಿಗೆಯಿರುವ 12 ವರ್ಗಗಳಿವೆ. ಬರೀ ಪ್ರವಾಸ ಅವುಗಳಲ್ಲಿ ಇಲ್ಲ. ‘ಪಿಯಾನೊ ರಿಪೇರಿ’ ಎಂಬ ಮಾತೂ ಇಲ್ಲ. ಆದರೆ ಮಾನವೀಯ ಯೋಜನೆಗಳ ವರ್ಗದಲ್ಲಿ ವೃತ್ತಿ ಕೌಶಲ ಕಲಿಸುವುದು ಸೇರಿದೆ. ಕಾರ್ಯಾಗಾರಗಳಿಗೆ ಬೇರೆಯೇ ವರ್ಗವಿದೆ. ಕ್ಯೂಬಾದ ಜನರಿಗೆ ನೆರವಾಗುವ ವರ್ಗವೊಂದಿದ್ದು, ಅದರಲ್ಲಿ ಸರ್ಕಾರದ ಹೊರಗಿನ ಜನರೊಡನೆ ಇಡೀ ದಿನದ ಕಾರ್ಯಕ್ರಮ ಇರಬೇಕು. ನೀವು ಒಬ್ಬರೇ ಹೋಗಿ ಹತ್ತು ಪಿಯಾನೊ ಶ್ರುತಿ ಮಾಡಿ ಬರುವುದಕ್ಕಿಂತ, ಅಲ್ಲಿನ ಇಬ್ಬರಿಗೆ ಶ್ರುತಿ ಮಾಡುವುದನ್ನು ಕಲಿಸುವುದು ಕಾಗದದ ಮೇಲೂ ಗಟ್ಟಿಯಾಗಿ ನಿಲ್ಲುತ್ತದೆ. ಪಿಯಾನೊಗೂ ಅದೇ ಒಳ್ಳೆಯದು. ಯಾಕೆಂದು ಮುಂದೆ ನೋಡೋಣ.

ಈ ವರ್ಗಗಳಿಗೆ ಅರ್ಜಿ ಹಾಕಬೇಕಾಗಿಲ್ಲ, ಸರ್ಕಾರದಿಂದ ಪತ್ರವೂ ಬರುವುದಿಲ್ಲ. ಷರತ್ತುಗಳಿಗೆ ನಾನು ಹೊಂದುತ್ತೇನೆ ಎಂದು ತೀರ್ಮಾನಿಸುವ ಹೊಣೆ ನಿಮ್ಮದೇ. ಕ್ಯೂಬಾದಲ್ಲಿ ಸಂಗೀತ ಶಾಲೆಗಳು ಸರ್ಕಾರದವು. ಹಾಗಾಗಿ ಅನುಮಾನ ಬಂದರೆ ಪ್ರತ್ಯೇಕ ಪರವಾನಗಿಗೆ ಅರ್ಜಿ ಹಾಕಿ, ಇಲ್ಲವೇ ಈ ಕಾನೂನು ಬಲ್ಲ ವಕೀಲರನ್ನು ಕೇಳಿ.

2. ಲಿಖಿತ ಆಹ್ವಾನ ತರಿಸಿಕೊಳ್ಳಿ. ಯಾವ ಶಾಲೆ, ಎಷ್ಟು ಪಿಯಾನೊ, ಯಾವ ದಿನ, ಯಾರಿಗೆ ತರಬೇತಿ ಎಂಬುದೆಲ್ಲ ಅದರಲ್ಲಿರಲಿ. ಪ್ರವಾಸಿ ವೀಸಾದಲ್ಲಿ ಬಂದು ಶಾಲೆಯೊಳಗೆ ಕೆಲಸ ಮಾಡಬಹುದೇ, ಬೇರೆ ವೀಸಾ ಬೇಕೇ ಎಂದು ಕರೆಸುವವರ ಬಾಯಿಂದಲೇ ಕೇಳಿ ತಿಳಿಯಿರಿ. ಪುಕ್ಕಟೆ ಮಾಡಿದರೂ ಕೆಲಸ ಕೆಲಸವೇ.

3. ದಿನಚರಿ ಬರೆದಿಡಿ. ಬೆಳಿಗ್ಗೆ ಯಾವ ಕೋಣೆ, ಮಧ್ಯಾಹ್ನ ಯಾವ ಪಾಠ ಎಂದು ಮೊದಲೇ ಬರೆಯಿರಿ. ನಡೆದದ್ದನ್ನು ಅದರ ಪಕ್ಕದಲ್ಲೇ ಗುರುತು ಹಾಕಿ. ರಸೀದಿಗಳನ್ನೂ ಜೋಪಾನ ಮಾಡಿ. ಹಿಂದೆ ಈ ದಾಖಲೆಗಳನ್ನು 5 ವರ್ಷ ಇಟ್ಟರೆ ಸಾಕಿತ್ತು. 2025ರ ಮಾರ್ಚ್‌ನಿಂದ 10 ವರ್ಷ ಇಡಬೇಕು.

4. ಉಳಿಯುವ ಜಾಗ ನೋಡಿ ಆರಿಸಿ. ಅಮೆರಿಕದ ನಿಯಮಕ್ಕೆ ಒಳಪಟ್ಟವರು ಉಳಿಯಬಾರದ ಹೋಟೆಲುಗಳ ಪಟ್ಟಿ, ಹಣ ಕೊಡಬಾರದ ಸಂಸ್ಥೆಗಳ ಪಟ್ಟಿ ಎರಡೂ ಇವೆ. ‘ಕಾಸಾ ಪರ್ತಿಕುಲಾರ್’ ಎಂದು ಕರೆಯುವ, ಮನೆಯವರೇ ಬಾಡಿಗೆಗೆ ಕೊಡುವ ಕೋಣೆಗಳು ಅನುಕೂಲ. ಆದರೂ ಪಟ್ಟಿಯಲ್ಲಿ ಆ ವಿಳಾಸ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಹಿಂದಿನ ಅತಿಥಿಗಳ ಪೈಕಿ ಯಾರಾದರೂ ಸಿಕ್ಕರೆ ಅಲ್ಲಿ ಕರೆಂಟು, ನೀರು ಹೇಗಿದೆ ಎಂದು ವಿಚಾರಿಸಿ.

5. ನಗದು ಒಯ್ಯಿರಿ. ಅಮೆರಿಕದ ಬ್ಯಾಂಕುಗಳ ಕಾರ್ಡು ಅಲ್ಲಿ ನಡೆಯುತ್ತದೆಂದು ನಂಬಬೇಡಿ. ಇಡೀ ಪ್ರವಾಸಕ್ಕೆ ಬೇಕಾಗುವ ಡಾಲರ್ ಅಥವಾ ಯೂರೊ ಜೊತೆಗಿರಲಿ, ಸಣ್ಣ ನೋಟುಗಳೇ ಹೆಚ್ಚಿರಲಿ. 5,000 ಡಾಲರ್‌ಗಿಂತ ಹೆಚ್ಚಿದ್ದರೆ ಕ್ಯೂಬಾದ ಕಸ್ಟಮ್ಸ್‌ಗೆ ಘೋಷಿಸಬೇಕು. ಭಾರತದಿಂದ ಹೊರಡುವವರಿಗೆ ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಮಾತ್ರ ನಗದಾಗಿ ಸಿಗುತ್ತದೆ.

6. ಕಾಲ ನೋಡಿ ಹೊರಡಿ. ಅಲ್ಲಿ ಮಳೆಗಾಲ ಮೇಯಿಂದ ಅಕ್ಟೋಬರ್‌ವರೆಗೆ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್ ಕೊನೆಯವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುತ್ತದೆ, ಶಾಲೆಗಳೂ ನಡೆಯುತ್ತಿರುತ್ತವೆ. ಪ್ರಯಾಣದ ವೈದ್ಯಕೀಯ ವಿಮೆ 2010ರಿಂದಲೂ ಕಡ್ಡಾಯ.

ಅಲ್ಲಿ ಪಿಯಾನೊ ಏಕೆ ಬೇಗ ಕೆಡುತ್ತದೆ?

ವೀಣೆಯ ಬಿರಡೆ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಯಾನೊದಲ್ಲಿ ಅಂಥ ಬಿರಡೆಗಳು 230ರ ಆಸುಪಾಸು. ಒಂದೊಂದಕ್ಕೂ ಒಂದೊಂದು ಉಕ್ಕಿನ ತಂತಿ, ಎಲ್ಲ ಸೇರಿ ಎಳೆಯುವ ಬಲ 18ರಿಂದ 20 ಟನ್. ಈ ತಂತಿಗಳು ಒತ್ತಿ ನಿಂತಿರುವುದು ಸ್ಪ್ರೂಸ್ ಮರದ ತೆಳು ಹಲಗೆಯ ಮೇಲೆ. ಹಲಗೆ ತೇವ ಕುಡಿದರೆ ಉಬ್ಬಿ ತಂತಿಯನ್ನು ಮೇಲೆತ್ತುತ್ತದೆ, ಶ್ರುತಿ ಏರುತ್ತದೆ. ಒಣಗಿದರೆ ಇಳಿಯುತ್ತದೆ. ಒಂದೇ ಸಮನಾದ ತೇವವನ್ನು ಮರ ಹೇಗೋ ತಾಳಿಕೊಳ್ಳುತ್ತದೆ. ಏರಿಳಿತ ಅದಕ್ಕಿಂತ ಕೆಟ್ಟದ್ದು.

ಹವಾನಾದಲ್ಲಿ ಸಮುದ್ರದ ಉಪ್ಪುಗಾಳಿ ತಂತಿಗೆ ತುಕ್ಕು ಹಿಡಿಸುತ್ತದೆ. ಉಣ್ಣೆಯ ಫೆಲ್ಟನ್ನು ನುಸಿ ತಿನ್ನುತ್ತದೆ. ಮರಕ್ಕೆ ‘ಕೊಮೆಹೆನ್’ ಎಂದು ಅವರು ಕರೆಯುವ ಗೆದ್ದಲು ಹತ್ತುತ್ತದೆ. ನಮ್ಮ ಗೆದ್ದಲು ನೆಲದಿಂದ ಮಣ್ಣಿನ ಗೂಡು ಕಟ್ಟಿಕೊಂಡು ಏರುತ್ತದೆ, ಕಣ್ಣಿಗೆ ಬೀಳುತ್ತದೆ. ಅಲ್ಲಿನ ಒಣಮರದ ಗೆದ್ದಲಿಗೆ ನೆಲದ ನಂಟೇ ಬೇಡ. ಹಲಗೆಯೊಳಗೇ ಸಂಸಾರ ಹೂಡಿರುತ್ತದೆ, ಹೊರಗಿನ ಪಾಲಿಶ್ ಮಾತ್ರ ನೆಟ್ಟಗಿರುತ್ತದೆ. ಪಿಯಾನೊದ ಕೆಳಗೆ ಗಸಗಸೆ ಚೆಲ್ಲಿದಂತೆ ಸಣ್ಣ ಕಾಳು ಬಿದ್ದಿದ್ದರೆ ಅದು ಅದರ ಹಿಕ್ಕೆ.

ಇದರ ಮೇಲೆ ಕರೆಂಟಿನ ಕಾಟ. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದು ಬಿತ್ತು. ಆಮೇಲೂ ಹಾಗೆ ಹಲವು ಸಲ ಆಗಿದೆ. ಬೇರೆಡೆ ಪಿಯಾನೊದೊಳಗೆ ತೇವ ಆರಿಸುವ ವಿದ್ಯುತ್ ಕಡ್ಡಿ ಕೂರಿಸಿ ಕಾಪಾಡುತ್ತಾರೆ. ದಿನಕ್ಕೆ ಎಷ್ಟೋ ಹೊತ್ತು ಕರೆಂಟೇ ಇಲ್ಲದ ಕಡೆ ಆ ಕಡ್ಡಿ ಒಮ್ಮೆ ಒಣಗಿಸಿ ಒಮ್ಮೆ ನೆನೆಯಲು ಬಿಟ್ಟು ಏರಿಳಿತವನ್ನೇ ಹೆಚ್ಚಿಸುತ್ತದೆ.

ಅಂದರೆ ಅಲ್ಲಿ ನೀವು ಮಾಡಿದ ಶ್ರುತಿ ಮುಂದಿನ ಮಳೆಗಾಲಕ್ಕೆ ಕರಗುತ್ತದೆ. ನಿಮ್ಮ ಕೈಚಳಕ ಕಡಿಮೆಯೆಂದಲ್ಲ, ಹವೆಯ ಗುಣ ಹಾಗೆ. ಅದನ್ನು ಮತ್ತೆ ಕೂಡಿಸಬಲ್ಲ ಕೈ ಆ ಊರಿನಲ್ಲೇ ಇರಬೇಕು. ಕಲಿಸುವುದು ಪಿಯಾನೊಗೂ ಒಳ್ಳೆಯದು ಎಂದದ್ದು ಇದಕ್ಕೇ.

ಪೆಟ್ಟಿಗೆಯಲ್ಲಿ ಏನೇನಿರಲಿ?

ವಾಪಸು ತರುವ ಉಪಕರಣ, ಅಲ್ಲೇ ಬಿಟ್ಟು ಬರುವ ಸಾಮಾನು ಎಂದು ಎರಡು ಪಟ್ಟಿ ಮಾಡಿ, ಬೆಲೆ ಸಮೇತ ಬರೆಯಿರಿ. ಅಮೆರಿಕದ ರಫ್ತು ನಿಯಮದಲ್ಲಿ ಇವೆರಡರ ಲೆಕ್ಕ ಬೇರೆ ಬೇರೆ. ಕ್ಯೂಬಾದ ಕಸ್ಟಮ್ಸ್‌ನಲ್ಲಿ ಕೇಳಿದಾಗಲೂ ಈ ಪಟ್ಟಿ ಕೈಗೆ ಬರುತ್ತದೆ.

* ಟ್ಯೂನಿಂಗ್ ಲಿವರ್ ಎರಡು: ಒಂದು ನಿಮ್ಮದು, ಒಂದು ಬಿಟ್ಟು ಬರಲು. ತಂತಿ ಮುಚ್ಚುವ ರಬ್ಬರ್ ಬೆಣೆ, ಫೆಲ್ಟ್ ಪಟ್ಟಿ.
* 440ರ ಶ್ರುತಿಕವೆ. ಫೋನಿನ ಆ್ಯಪ್ ಬಳಸುವವರಾದರೆ ಅದು ಅಂತರ್ಜಾಲವಿಲ್ಲದೆ ತೆರೆದುಕೊಳ್ಳುತ್ತದೆಯೇ ಎಂದು ಮನೆಯಲ್ಲೇ ನೋಡಿ. ಕವೆಗೆ ಚಾರ್ಜೂ ಬೇಡ, ನೆಟ್‌ವರ್ಕೂ ಬೇಡ.
* 13ರಿಂದ 20ನೇ ನಂಬರಿನವರೆಗಿನ ಉಕ್ಕಿನ ತಂತಿ ಸುರುಳಿಗಳು.
* ಮೂಲದ್ದಕ್ಕಿಂತ ಒಂದೆರಡು ಸೈಜು ದಪ್ಪದ ಬಿರಡೆಗಳು. ತೂತು ಸಡಿಲವಾದ ಕಡೆ ಇವೇ ಗತಿ.
* ಸುತ್ತಿಗೆಗಳ ಕೀಲಿನ ಸಣ್ಣ ಪಿನ್ನುಗಳು, ಫೆಲ್ಟ್, ಚರ್ಮದ ತುಣುಕು.
* ತಲೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್. ಅಲ್ಲಿ ಸಾಮಾನ್ಯವಾಗಿ 110 ವೋಲ್ಟ್. ಭಾರತದಿಂದ ಒಯ್ಯುವ ಚಾರ್ಜರ್ ಅದಕ್ಕೆ ಒಗ್ಗುತ್ತದೆಯೇ ನೋಡಿಕೊಳ್ಳಿ.

ಉಪಕರಣಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ, ಪವರ್ ಬ್ಯಾಂಕನ್ನು ಕೈಚೀಲದಲ್ಲಿಡಿ. ಸ್ಪಿರಿಟ್‌ನಂತಹ ಹೊತ್ತಿಕೊಳ್ಳುವ ದ್ರಾವಕ ವಿಮಾನದಲ್ಲಿ ಬೇಡವೇ ಬೇಡ. ಅಲ್ಲಿ ಸಿಗುತ್ತದೆಯೇ ಎಂದು ಮೊದಲೇ ಪತ್ರ ಬರೆದು ಕೇಳಿ.

ಮೊದಲ ಪಿಯಾನೊ: ಕ್ರಮವಾಗಿ

1. ಮೊದಲು ಕೇಳಿ, ಆಮೇಲೆ ಮುಟ್ಟಿ. ಅಲ್ಲಿ ಈಗಾಗಲೇ ಒಬ್ಬ ‘ಆಫಿನಾದೋರ್’, ಅಂದರೆ ಟ್ಯೂನರ್, ಇದ್ದೇ ಇರುತ್ತಾರೆ. ಯಾವ ತಂತಿ ಯಾವಾಗ ತುಂಡಾಯಿತು, ಎಲ್ಲಿ ಏನು ತೇಪೆ ಹಾಕಿದೆ ಎಂದು ಅವರಿಗೆ ಗೊತ್ತು. ಅವರು ಜೊತೆಗಿಲ್ಲದೆ ಮುಚ್ಚಳ ತೆಗೆಯಬೇಡಿ. ಈ ಕೆಲಸಕ್ಕೆ ನಾಲ್ಕು ಸ್ಪ್ಯಾನಿಷ್ ಪದ ಸಾಕು: ತಂತಿಗೆ ‘ಕ್ವೆರ್ದ’, ಬಿರಡೆಗೆ ‘ಕ್ಲಾವಿಹ’, ಮನೆಗೆ (ಕೀಲಿಗೆ) ‘ತೆಕ್ಲ’, ಸುತ್ತಿಗೆಗೆ ‘ಮಾರ್ತಿಯೊ’.

2. ಕೆಳಗಿನ ಹಲಗೆ ಬಿಚ್ಚಿ ಟಾರ್ಚ್ ಹಿಡಿಯಿರಿ. ಗಸಗಸೆಯಂಥ ಕಾಳು ಇದೆಯೇ? ಬಿರಡೆಗಳು ಕೂತ ಹಲಗೆಯನ್ನು ಬೆರಳಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಆ ವಾದ್ಯವನ್ನು ಬಿಗಿ ಮಾಡಲು ಹೋಗಬೇಡಿ. ಅದರ ತಂತಿ, ಸುತ್ತಿಗೆ, ಕೀಲಿಗಳು ಪಕ್ಕದ ಪಿಯಾನೊವನ್ನು ಬದುಕಿಸಬಹುದು.

3. ಎಷ್ಟು ಇಳಿದಿದೆ ಅಳೆಯಿರಿ. ಮಧ್ಯದ ‘ಎ’ ಸ್ವರವನ್ನು ಕವೆಯೊಡನೆ ಹೋಲಿಸಿ. ಅರ್ಧ ಸ್ವರ ಏರಿಸುವುದೆಂದರೆ ಪ್ರತಿ ತಂತಿಯ ಬಿಗಿತ ಶೇ 12ರಷ್ಟು ಹೆಚ್ಚುತ್ತದೆ. ತುಕ್ಕು ತಿಂದ ತಂತಿ ಅದನ್ನು ತಾಳದೆ ತುಂಡಾಗಬಹುದು.

4. ಈ ಪಿಯಾನೊ ಯಾರಿಗೆ ಎಂದು ವಿಚಾರಿಸಿ. ಮಕ್ಕಳು ಒಂಟಿಯಾಗಿ ಅಭ್ಯಾಸ ಮಾಡುವ ವಾದ್ಯವಾದರೆ, ಇಳಿದ ಶ್ರುತಿಯಲ್ಲೇ ಸ್ವರಸ್ವರಕ್ಕೆ ಹೊಂದಿಸಿ ಬಿಡಿ. ಟ್ರಂಪೆಟ್, ಕ್ಲಾರಿನೆಟ್ ಜೊತೆಗೆ ನುಡಿಸುವುದಾದರೆ 440ಕ್ಕೆ ಏರಿಸಲೇಬೇಕು. ಆಗ ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತಿನಲ್ಲಿ, ನಡುವೆ ಒಂದೆರಡು ದಿನ ಬಿಟ್ಟು ಏರಿಸಿ.

5. ಏರಿಸುವ ಮುನ್ನ ಇಳಿಸಿ. ಲಿವರ್ ಹಾಕಿ ಬಿರಡೆಯನ್ನು ಕೂದಲೆಳೆಯಷ್ಟು ಕೆಳಕ್ಕೆ ತಿರುಗಿಸಿ. ‘ಟಿಕ್’ ಎಂಬ ಸದ್ದು ಬೆರಳಿಗೇ ಕೇಳಿಸುತ್ತದೆ. ತಂತಿ ಬಾಗುವ ಕಡೆ ತುಕ್ಕಿನಿಂದ ಅಂಟಿಕೊಂಡದ್ದು ಬಿಟ್ಟುಕೊಂಡ ಸದ್ದದು. ಆಮೇಲೆ ನಿಧಾನಕ್ಕೆ ಮೇಲೆ ಎಳೆಯಿರಿ. ಈ ಒಂದು ಅಭ್ಯಾಸ ದಿನಕ್ಕೆ ಎಷ್ಟೋ ತಂತಿ ಉಳಿಸುತ್ತದೆ.

6. ಮಂದ್ರದ ತಂತಿ ಹೋದರೆ ಎಸೆಯಬೇಡಿ. ತಾಮ್ರ ಸುತ್ತಿದ ಆ ತಂತಿಗಳು ಒಂದೊಂದೂ ಒಂದೊಂದು ಅಳತೆ. ಬದಲಿ ಬೇಕೆಂದರೆ ಅಳತೆ ಕೊಟ್ಟು ಮಾಡಿಸಬೇಕು. ಬಿರಡೆಯ ಹತ್ತಿರ ತುಂಡಾಗಿದ್ದರೆ ಉಳಿದ ತುದಿಗೆ ಹೊಸ ಉಕ್ಕಿನ ತಂತಿಯನ್ನು ಗಂಟು ಹಾಕಿ ಸೇರಿಸಬಹುದು. ಎರಡು ಕುಣಿಕೆ ಒಂದಕ್ಕೊಂದು ಸಿಕ್ಕಿಸಿ ಬಿಗಿಯುವ ಈ ಗಂಟು ಸ್ವರ ಹೊಮ್ಮುವ ಭಾಗಕ್ಕೆ ಬಾರದಂತೆ ನೋಡಿಕೊಳ್ಳಿ. ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

* ಇಡೀ ಪಿಯಾನೊ ಕಳಿಸಲು ಹೊರಡುವುದು. ಗೋಡೆಗೆ ಒರಗಿಸುವ ಪಿಯಾನೊವೇ 200 ಕಿಲೊ ತೂಗುತ್ತದೆ. ಅದರ ಸಾಗಾಟದ ದುಡ್ಡಿನಲ್ಲಿ ಬರುವ ತಂತಿ, ಫೆಲ್ಟ್, ಬಿರಡೆಗಳು ಹತ್ತಾರು ವಾದ್ಯಗಳಿಗಾಗುತ್ತವೆ.
* ಎ.ಸಿ. ಹಾಕಿದ ಕೋಣೆಯಲ್ಲಿ ಶ್ರುತಿ ಮಾಡುವುದು. ನೀವು ಹೋದ ಮೇಲೆ ಎ.ಸಿ. ನಿಂತರೆ ಶ್ರುತಿಯೂ ಹೋಗುತ್ತದೆ. ಮಕ್ಕಳು ನುಡಿಸುವಾಗ ಕಿಟಕಿ ತೆರೆದಿದ್ದರೆ ನೀವೂ ತೆರೆದೇ ಮಾಡಿ.
* ಹಣ ಕಳಿಸುವಾಗ ಟಿಪ್ಪಣಿಯಲ್ಲಿ ‘ಕ್ಯೂಬಾ’ ಎಂದು ಬರೆದು, ತಡೆಹಿಡಿದಾಗ ಕಂಗಾಲಾಗುವುದು. ಅಮೆರಿಕದಲ್ಲಿ ಹಣ ಸಾಗಿಸುವ ವ್ಯವಸ್ಥೆಗಳು ಆ ಹೆಸರು ಕಂಡೊಡನೆ ವ್ಯವಹಾರ ನಿಲ್ಲಿಸಿ ವಿವರ ಕೇಳುತ್ತವೆ. ಸುಳ್ಳು ಬರೆಯಬೇಡಿ. ನಿಮ್ಮ ವರ್ಗ, ಉದ್ದೇಶದ ವಿವರ ಸಿದ್ಧವಿಟ್ಟುಕೊಂಡು ಮೊದಲೇ ಬ್ಯಾಂಕಿಗೆ ತಿಳಿಸಿ.
* ಅಲ್ಲಿನ ತೇಪೆ ಕಂಡು ನಗುವುದು. ಬಿಡಿಭಾಗ ಸಿಗದ ಊರಿನಲ್ಲಿ ಕೈಗೆ ಸಿಕ್ಕಿದ್ದರಲ್ಲಿ ನಡೆಸುವುದಕ್ಕೆ ಅವರು ‘ರೆಸೊಲ್ವೆರ್’ ಎನ್ನುತ್ತಾರೆ. ಆ ತೇಪೆ ಇಲ್ಲದಿದ್ದರೆ ನಿಮಗೆ ಶ್ರುತಿ ಮಾಡಲು ಪಿಯಾನೊವೇ ಉಳಿದಿರುತ್ತಿರಲಿಲ್ಲ.

ಎಚ್ಚರಿಕೆ

* ಹಳೆಯ ಪಿಯಾನೊಗಳ ಬಿಳಿ ಕೀಲಿಗೆ ಆನೆದಂತದ ಹೊದಿಕೆ ಇರಬಹುದು. ನೆನಪಿಗೆಂದು ಒಂದು ಚೂರನ್ನೂ ತರಬೇಡಿ, ಬದಲಿಗೆಂದು ಒಯ್ಯಲೂ ಬೇಡಿ. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1990ರಿಂದ ನಿಷೇಧವಿದೆ.
* ಗೆದ್ದಲು ಹಿಡಿದ ಮರದ ಭಾಗಗಳನ್ನು ‘ಮನೆಯಲ್ಲಿ ರಿಪೇರಿ ಮಾಡುತ್ತೇನೆ’ ಎಂದು ಹೊತ್ತು ತರಬೇಡಿ.
* ಉಪಗ್ರಹ ಫೋನ್, ವಾಕಿಟಾಕಿಗಳನ್ನು ಅನುಮತಿ ಇಲ್ಲದೆ ಒಯ್ಯುವಂತಿಲ್ಲ.
* ಅಮೆರಿಕದ ನಿಯಮಗಳು ಅಧ್ಯಕ್ಷರು ಬದಲಾದಂತೆ ಬದಲಾಗುತ್ತವೆ. ಟಿಕೆಟ್ ತೆಗೆದ ದಿನ ಓದಿದ್ದನ್ನು ಹೊರಡುವ ವಾರ ಮತ್ತೊಮ್ಮೆ ಓದಿ. ಅಲ್ಲಿನ ಕರೆಂಟು, ಇಂಧನದ ಪರಿಸ್ಥಿತಿಯನ್ನೂ ಅದೇ ವಾರ ವಿಚಾರಿಸಿ. ತೀರಾ ಬಿಗಡಾಯಿಸಿದ್ದರೆ ಪ್ರಯಾಣ ಮುಂದೂಡಿ. ಅತಿಥಿಯೊಬ್ಬರಿಗೆ ಬಿಸಿನೀರು, ಊಟ ಹೊಂದಿಸುವುದೂ ಆ ಮನೆಯವರಿಗೆ ಆಗ ಹೊರೆಯೇ.

ಕೊನೆಯ ದಿನದ ಕೆಲಸ

ಕೊನೆಯ ದಿನಕ್ಕೆಂದು ಒಂದು ಪಿಯಾನೊ ಉಳಿಸಿಕೊಳ್ಳಿ. ಅದಕ್ಕೆ ನೀವು ಕೈ ಹಾಕಬೇಡಿ. ಲಿವರನ್ನು ನಿಮ್ಮಿಂದ ಕಲಿತವರ ಕೈಗೆ ಕೊಟ್ಟು, ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲಿ. ಅವರು ಬಿರಡೆಯನ್ನು ಮೊದಲು ಕೆಳಕ್ಕೆ ತಿರುಗಿಸಿ ಆ ‘ಟಿಕ್’ಗೆ ಕಾದರೆ, ಬಿಟ್ಟು ಬರುವ ಸಾಮಾನಿನ ಪಟ್ಟಿಯಲ್ಲಿ ಲಿವರಿನ ಹೆಸರಿನ ಮುಂದೆ ಗುರುತು ಹಾಕಿ. ಅವಸರಕ್ಕೆ ನೇರ ಮೇಲಕ್ಕೇ ಎಳೆದರೆ, ಇನ್ನೂ ಒಂದು ಗಂಟೆ ಸಮಯವಿದೆಯೇ ಎಂದು ಗಡಿಯಾರ ನೋಡಿಕೊಳ್ಳಿ.